ಗಾಡಿ ಎಣಿಸ್ತಾರೆ, ಒಳಗಿನ ತಲೆ ಎಣಿಸೋದಿಲ್ಲ

ಕಾರವಾರದಿಂದ ಗೋವಾಕ್ಕೆ ದಿನಾ ಕೆಲಸಕ್ಕೆ ಹೋಗಿ ಬರೋ ಜನ ತುಂಬಾ. ಸದಾಶಿವಗಡ, ಚಿತ್ತಾಕುಲ, ಮಾಜಾಳಿ ಕಡೆಯೋರು, ಇತ್ಲಾಗೆ ಕೋಡಿಬಾಗದೋರು, ಬೆಳಕು ಹರಿಯೋ ಮುಂಚೆ ಎದ್ದು ಡಬ್ಬಿ ಕಟ್ಕೊಂಡು ಕಾಣಕೋಣ, ಮಡಗಾಂವ್, ವೆರ್ಣಾ ಅಂತ ಹೊರಡ್ತಾರೆ. ಕೆಲವರಿಗೆ ಟ್ರೇನು, ಕೆಲವರಿಗೆ ಬಸ್ಸು, ಅದೃಷ್ಟ ಇದ್ದೋರಿಗೆ ಕಂಪನಿ ಗಾಡಿ. ಇವರ ಜೊತೆ ಇನ್ನೊಂದು ಗುಂಪಿದೆ, ಮೂರು ನಾಲ್ಕು ಜನ ಸೇರಿ ಒಬ್ರ ಕಾರಲ್ಲಿ ಹೋಗೋರು. ಪೆಟ್ರೋಲ್ ದುಡ್ಡು ತಿಂಗಳ ಕೊನೇಲಿ ಹಂಚ್ಕೊಳ್ತಾರೆ, ಗಡಿ ದಾಟಿದ ತಕ್ಷಣ ಪೋಳೆ ಬಂಕಲ್ಲಿ ಕಡಿಮೆ ರೇಟಿಗೆ ಟ್ಯಾಂಕ್ ತುಂಬಿಸ್ತಾರೆ, ವಾಪಸ್ ಬರೋವಾಗ ಒಬ್ರಿಗೆ ಓವರ್‌ಟೈಮ್ ಆದ್ರೆ ಉಳಿದೋರು ಕಾಯ್ತಾರೆ. ಇದಕ್ಕೆ ಅವರು ಕಾರ್‌ಪೂಲ್ ಅಂತ ಹೆಸರೇನೂ ಇಟ್ಟಿಲ್ಲ, "ಅವನ ಗಾಡಿಲಿ ಹೋಗ್ತೆ" ಅಂತಾರೆ ಅಷ್ಟೆ.

ಈ ಜನರ ಬಗ್ಗೆ ಬರೀಬೇಕು ಅಂತ ಬಹಳ ದಿನದಿಂದ ಮನಸ್ಸಲ್ಲಿತ್ತು. ಯಾಕಂದ್ರೆ ನಮ್ಮ ಉತ್ತರ ಕನ್ನಡ ಜಿಲ್ಲೇಲಿ ರಸ್ತೆ ಅಂದ್ರೆ ಬರೀ ಅಗಲ ಮಾಡೋ ಮಾತು, ಚತುಷ್ಪಥ, ಬೈಪಾಸು, ಫ್ಲೈಓವರು. ರಸ್ತೆ ಮೇಲೆ ಹೋಗೋ ಗಾಡಿ ಒಳಗೆ ಎಷ್ಟು ಜನ ಕೂತಿದಾರೆ ಅನ್ನೋ ಮಾತು ಯಾವ ಮೀಟಿಂಗಲ್ಲೂ ಬಂದಿದ್ದು ನಾನು ಕೇಳಿಲ್ಲ.

ಒಂದು ಸಲ ಕುಮಟಾ ಹತ್ರ ಹೈವೇ ಕ್ರಾಸಲ್ಲಿ ಬಸ್ಸಿಗೆ ಕಾಯ್ತಾ ಇದ್ದಾಗ ಇಬ್ರು ಹುಡುಗ್ರು ಪ್ಲಾಸ್ಟಿಕ್ ಕುರ್ಚಿ ಹಾಕ್ಕೊಂಡು ವಾಹನ ಎಣಿಸ್ತಾ ಇದ್ರು. ತೊಡೆ ಮೇಲೆ ರಟ್ಟು, ರಟ್ಟಿಗೆ ಕ್ಲಿಪ್ ಹಾಕಿದ ಹಾಳೆ, ಹಾಳೇಲಿ ಉದ್ದುದ್ದ ಗೆರೆ ಎಳೆದು ಕಾಲಂ ಮಾಡಿದಾರೆ, ಟು ವೀಲರ್, ಆಟೋ, ಕಾರು, ಬಸ್ಸು, ಲಾರಿ, ದೊಡ್ಡ ಲಾರಿ. ಗಾಡಿ ಹೋದ ಹಾಗೆ ಒಂದೊಂದು ಕಡ್ಡಿ, ನಾಲ್ಕು ಕಡ್ಡಿಗೆ ಅಡ್ಡ ಒಂದು ಗೀಟು, ಐದು. ಕೈ ಎಷ್ಟು ಚುರುಕು ಅಂದ್ರೆ ಮುಖ ಎತ್ತಿ ನನ್ನ ನೋಡೋಕೂ ಪುರಸೊತ್ತಿಲ್ಲ. "ಒಳಗೆ ಎಷ್ಟು ಜನ ಇದಾರೆ ಅಂತ ಬರೀಲಿಕ್ಕಿಲ್ವಾ ತಮ್ಮಾ?" ಅಂತ ಕೇಳ್ದೆ. "ಇಲ್ಲ ಅಣ್ಣಾ, ಅದಕ್ಕೆ ಕಾಲಮ್ಮೇ ಇಲ್ಲ" ಅಂದ. ಅಷ್ಟರಲ್ಲಿ ಭಟ್ಕಳ ಕಡೆಯಿಂದ ಒಂದು ಸರ್ಕಾರಿ ಬಸ್ಸು ಬಂತು, ಫುಟ್‌ಬೋರ್ಡಲ್ಲೂ ಕಾಲಿಡೋಕೆ ಜಾಗ ಇಲ್ಲ, ಅದಕ್ಕೊಂದು ಕಡ್ಡಿ. ಅದರ ಹಿಂದೆ ಒಬ್ನೇ ಕೂತು ಓಡಿಸೋ ದೊಡ್ಡ ಕಾರು, ಅದಕ್ಕೂ ಒಂದು ಕಡ್ಡಿ.

ಈ ಕಡ್ಡಿಗಳನ್ನ ಆಮೇಲೆ ಪಿಸಿಯು ಅನ್ನೋ ಲೆಕ್ಕಕ್ಕೆ ತಿರುಗಿಸ್ತಾರೆ. ಪ್ಯಾಸೆಂಜರ್ ಕಾರ್ ಯುನಿಟ್ ಅಂತ ಅದರ ಪೂರ್ತಿ ಹೆಸರು. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಊರಾಚೆಯ ರಸ್ತೆಗಳಿಗೆ ಕೊಟ್ಟ ಪಟ್ಟಿ ಪ್ರಕಾರ ಒಂದು ಕಾರಿಗೆ 1, ಬೈಕಿಗೆ ಅರ್ಧ, ಬಸ್ಸಿಗೂ ಲಾರಿಗೂ 3. ರಸ್ತೆ ಎಷ್ಟು ಅಗಲ ಬೇಕು ಅಂತ ಹೇಳೋಕೆ ಇದು ಸರಿಯಾದ ಲೆಕ್ಕವೇ, ಬಸ್ಸು ಜಾಗ ಜಾಸ್ತಿ ತಗೊಳತ್ತೆ, ಏರಲ್ಲಿ ನಿಧಾನ, ಒಪ್ಪತಕ್ಕದ್ದೇ. ಆದ್ರೆ ಈ ಲೆಕ್ಕ ಒಂದನ್ನೇ ಇಟ್ಕೊಂಡು ಯೋಜನೆ ಮಾಡಿದ್ರೆ ಐವತ್ತು ಜನ ಇರೋ ಬಸ್ಸು ರಸ್ತೆಗೆ ಮೂರು ಕಾರಿನಷ್ಟು ಭಾರ ಅನ್ನೋದು ಮಾತ್ರ ಕಾಗದದ ಮೇಲೆ ಉಳಿಯತ್ತೆ. ಆ ಮೂರು ಕಾರಿನ ಜಾಗದಲ್ಲಿ ಐವತ್ತು ಜನ ದಾಟಿ ಹೋದ್ರು ಅನ್ನೋದು ಎಲ್ಲೂ ದಾಖಲಾಗೋದೇ ಇಲ್ಲ.

ಕಾರ್‌ಪೂಲ್ ಲೇನ್, ಅಂದ್ರೆ ಒಳಗೆ ಇಷ್ಟು ಜನ ಇರೋ ಗಾಡಿಗೆ ಮಾತ್ರ ಅಂತ ಬಿಡೋ ಲೇನು, ಈ ಯೋಚನೆ ಹುಟ್ಟಿದ್ದೇ ಈ ತಲೆ ಲೆಕ್ಕದಿಂದ. ಅಮೆರಿಕಾದ ವಾಷಿಂಗ್ಟನ್ ಪಕ್ಕ ವರ್ಜೀನಿಯಾದಲ್ಲಿ ಶರ್ಲಿ ಹೈವೇ ಅಂತ ಇದೆ, ಅಲ್ಲಿ 1969ರಲ್ಲಿ ಬಸ್ಸಿಗೆ ಅಂತಲೇ ಬೇರೆ ದಾರಿ ಬಿಟ್ರು. ಬಸ್ಸುಗಳು ಸರಾಗವಾಗಿ ಹೋದವು, ಆದರೂ ನಡುವೆ ತುಂಬಾ ಜಾಗ ಖಾಲಿ ಉಳೀತಿತ್ತು. 1973ರ ಕೊನೇಲಿ, ಅರಬ್ ದೇಶಗಳು ಎಣ್ಣೆ ನಿಲ್ಲಿಸಿ ಪೆಟ್ರೋಲಿಗೆ ಹಾಹಾಕಾರ ಎದ್ದ ಹೊತ್ತಲ್ಲಿ, ನಾಲ್ಕು ಜನ ಅಥವಾ ಅದಕ್ಕಿಂತ ಹೆಚ್ಚು ಇರೋ ಕಾರಿಗೂ ಆ ದಾರೀಲಿ ಬಿಟ್ರು. ಆಗ ಒಂದು ವಿಚಿತ್ರ ಆಯ್ತು, ಯಾರೂ ಯೋಜನೆ ಮಾಡದೇ ಇರೋದು. ಬಸ್ ಸ್ಟಾಪಲ್ಲಿ ನಿಂತ ಅಪರಿಚಿತರನ್ನ ಕಾರಿನೋರು ಹತ್ತಿಸ್ಕೊಳ್ಳೋಕೆ ಶುರು ಮಾಡಿದ್ರು, ಕಾರಿನೋನಿಗೆ ತಲೆ ಲೆಕ್ಕ ಭರ್ತಿ ಆಗತ್ತೆ, ಹತ್ತಿದೋನಿಗೆ ಪುಕ್ಕಟೆ ಸವಾರಿ. ದುಡ್ಡಿನ ಮಾತೇ ಇಲ್ಲ. ಅದು ಇವತ್ತಿಗೂ ಅಲ್ಲಿ ನಡೀತಾ ಇದೆ, ಯಾವ ಜಾಗದಲ್ಲಿ ಯಾವ ದಿಕ್ಕಿಗೆ ಸಾಲು ಅನ್ನೋದು ಜನರೇ ಮಾಡ್ಕೊಂಡ ಪದ್ಧತಿ, ಕಾರಿನೋನು ಮಾತಾಡಿಸಿದ್ರೆ ಮಾತ್ರ ಮಾತು ಅನ್ನೋದೂ ಅವರದೇ ನಿಯಮ.

ಲಾಸ್ ಏಂಜಲೀಸ್ ಕಥೆ ಇದಕ್ಕೆ ಉಲ್ಟಾ. 1976ರಲ್ಲಿ ಸಾಂತಾ ಮೋನಿಕಾ ಫ್ರೀವೇಲಿ ಮೊದಲೇ ಇದ್ದ ಲೇನುಗಳಲ್ಲಿ ಒಂದನ್ನ ತೆಗೆದು ಮೂರು ಜನ ಇರೋ ಗಾಡಿಗೆ ಮಾತ್ರ ಅಂತ ಮಾಡಿದ್ರು. ಉಳಿದ ಲೇನಲ್ಲಿ ಸಿಕ್ಕಾಕ್ಕೊಂಡೋರು ಪಕ್ಕದ ಖಾಲಿ ಲೇನ್ ನೋಡ್ತಾ ಕೂತು ಕೂತು ಸಿಟ್ಟಿಗೆದ್ರು, ಪೇಪರಲ್ಲಿ ಬಂತು, ಕೋರ್ಟಿಗೆ ಹೋಯ್ತು, 21 ವಾರಕ್ಕೆ ನಿಂತೇ ಹೋಯ್ತು. ಇದ್ದದ್ದನ್ನ ಕಿತ್ಕೊಂಡು ಕೊಟ್ರೆ ಜನ ಒಪ್ಪಲ್ಲ, ಹೊಸದಾಗಿ ಮಾಡಿದ್ದನ್ನ ಹಂಚಿದ್ರೆ ಸಹಿಸ್ಕೊಳ್ತಾರೆ ಅಂತ ಆಮೇಲೆ ಅಲ್ಲಿನ ಎಂಜಿನಿಯರುಗಳೂ ಹುಷಾರಾದ್ರು.

ನಮಗೆ ಇದು ಅಷ್ಟು ದೂರದ ಮಾತಲ್ಲ. ಹುಬ್ಬಳ್ಳಿ ಧಾರವಾಡದ ನಡುವೆ ಚಿಗರಿ ಬಸ್ಸಿಗೆ ಬೇರೆ ಪಥ ಇದೆಯಲ್ಲ, ಸುಮಾರು 22 ಕಿಲೋಮೀಟರ್, 2020ರ ಫೆಬ್ರವರಿಲಿ ಅಧಿಕೃತ ಉದ್ಘಾಟನೆ ಆಯ್ತು. ಯಲ್ಲಾಪುರ ಮುಂಡಗೋಡದ ಕಡೆಯೋರಿಗೆ ಆಸ್ಪತ್ರೆಗೋ ಕೋರ್ಟಿಗೋ ಅಂತ ಅದರಲ್ಲಿ ಓಡಾಡಿ ಅಭ್ಯಾಸ ಇದೆ. ಪಕ್ಕದ ಮಿಶ್ರ ರಸ್ತೇಲಿ ಜಾಮ್ ಆದಾಗೆಲ್ಲ "ಆ ಪಥ ನಮಗೂ ಬಿಡ್ರಿ" ಅನ್ನೋ ಕೂಗು ಅಲ್ಲೂ ಏಳತ್ತೆ. ಖಾಲಿ ಕಾಣೋ ರಸ್ತೆ ನೋಡಿದ್ರೆ ಮನುಷ್ಯನಿಗೆ ಹಾಗೇ ಅನ್ಸೋದು, ಒಂದು ಚಿಗರಿ ದಾಟೋ ಕ್ಷಣದಲ್ಲಿ ಎಷ್ಟು ಜನ ದಾಟಿದ್ರು ಅನ್ನೋದು ಕಣ್ಣಿಗೆ ಕಾಣಲ್ಲ.

ಜಕಾರ್ತಾದ ಉದಾಹರಣೆ ನನಗೆ ಎಲ್ಲಕ್ಕಿಂತ ಹೆಚ್ಚು ಕಾಡಿದ್ದು. 1992ರಿಂದ ಅಲ್ಲಿ ಊರ ನಡುವಿನ ಮುಖ್ಯ ರಸ್ತೆಗಳಲ್ಲಿ ಬೆಳಿಗ್ಗೆ ಸಂಜೆ ಕಾರಲ್ಲಿ ಮೂರು ಜನ ಇರಲೇಬೇಕು ಅಂತ ಕಾನೂನು ಇತ್ತು. ಜನ ಏನ್ ಮಾಡಿದ್ರು ಅಂದ್ರೆ, ರಸ್ತೆ ಬದಿ ಬಾಡಿಗೆಗೆ ಕೂರೋರು ಹುಟ್ಕೊಂಡ್ರು, ಜೋಕಿ ಅಂತಾರೆ ಅವರಿಗೆ. ಹೆಂಗಸ್ರು ಮಗು ಎತ್ಕೊಂಡು ನಿಲ್ತಿದ್ರು, ಒಂದಕ್ಕೆ ಎರಡು ತಲೆ ಅಂತ. ಮಕ್ಕಳಿಗೆ ಇದರಿಂದ ತೊಂದ್ರೆ ಆಗ್ತಿದೆ, ಹೇಗಿದ್ರೂ ಈ ನಿಯಮದಿಂದ ಉಪಯೋಗ ಇಲ್ಲ ಅಂತ 2016ರಲ್ಲಿ ತೆಗೆದೇ ಹಾಕಿದ್ರು. ತೆಗೆದ ಮೇಲೆ ಸಂಶೋಧಕರು ಗೂಗಲ್ ಮ್ಯಾಪ್ ಮಾಹಿತಿ ಇಟ್ಕೊಂಡು ಲೆಕ್ಕ ಹಾಕಿದ್ರು, 2017ರಲ್ಲಿ ಸೈನ್ಸ್ ಪತ್ರಿಕೇಲಿ ಬಂತು. ಸಂಜೆ ಹೊತ್ತು ಕಿಲೋಮೀಟರಿಗೆ 2.8 ನಿಮಿಷ ಇದ್ದ ವಿಳಂಬ 5.3 ನಿಮಿಷಕ್ಕೆ ಏರಿತ್ತು. ನಿಯಮ ಇದ್ದ ರಸ್ತೇಲಿ ಮಾತ್ರ ಅಲ್ಲ, ಯಾವತ್ತೂ ನಿಯಮ ಇಲ್ಲದ ಬೇರೆ ರಸ್ತೆಗಳಲ್ಲೂ ಜಾಮ್ ಹೆಚ್ಚಾಗಿತ್ತು. ಅಂದ್ರೆ ಅಷ್ಟೊಂದು ಮೋಸ ನಡೀತಿದ್ರೂ ಆ ನಿಯಮ ಇಡೀ ಊರನ್ನ ಹಿಡಿದಿಟ್ಟಿತ್ತು, ಒಂದು ರಸ್ತೆಗೆ ಹಾಕಿದ ನಿಯಮದ ಫಲ ನಾಲ್ಕು ರಸ್ತೆ ಆಚೆಗೂ ಮುಟ್ಟತಾ ಇತ್ತು.

ಇದನ್ನ ಓದಿದಾಗ ನನಗೆ ಮೊದಲು ನೆನಪಾಗಿದ್ದು ನಮ್ಮ ಘಟ್ಟಗಳು. ಕರಾವಳಿಯಿಂದ ಮೇಲೆ ಹತ್ತೋಕೆ ಇರೋ ದಾರಿಗಳು ಬೆರಳೆಣಿಕೆ. ಕಾರವಾರದಿಂದ ಕದ್ರಾ ಮೇಲೆ ಅಣಶಿ, ಅಂಕೋಲಾದಿಂದ ಅರಬೈಲು, ಕುಮಟಾದಿಂದ ದೇವಿಮನೆ, ಸಿದ್ದಾಪುರಕ್ಕೆ ದೊಡ್ಮನೆ, ಹೊನ್ನಾವರದಿಂದ ಗೇರಸೊಪ್ಪ. ಒಂದು ಮುಚ್ಚಿದ್ರೆ ಅದರ ಭಾರ ಪೂರ್ತಿ ಇನ್ನೊಂದರ ಮೇಲೆ. 2024ರ ಜುಲೈ 16ಕ್ಕೆ ಶಿರೂರಲ್ಲಿ ಗುಡ್ಡ ಕುಸಿದು ಹೈವೇನೇ ಗಂಗಾವಳಿಗೆ ಹೋದಾಗ ಇದು ಎಲ್ಲರಿಗೂ ಅನುಭವಕ್ಕೆ ಬಂತು, ಅಷ್ಟು ಜೀವ ಹೋಯ್ತು, ಉಳಿದೋರಿಗೆ ಅಂಕೋಲಾದಿಂದ ಕುಮಟಾಕ್ಕೆ ಹೋಗೋದೇ ಒಂದು ದೊಡ್ಡ ಪ್ರಯಾಣ ಆಗಿಹೋಯ್ತು. ಅದಾಗಿ ಒಂದು ತಿಂಗಳೂ ತುಂಬಿರಲಿಲ್ಲ, ಆಗಸ್ಟ್ 6ರ ಮಧ್ಯರಾತ್ರಿ ಕಳೆದ ಮೇಲೆ ಕಾರವಾರದ ಕಾಳಿ ನದಿ ಹಳೇ ಸೇತುವೆ ಬಿತ್ತು. ಲಾರಿ ಸಮೇತ ಬಿದ್ದ ಡ್ರೈವರ್ ಬದುಕಿ ಬಂದಿದ್ದು ದೊಡ್ಡದು. ಅಲ್ಲಿಂದ ಮುಂದೆ ಎರಡೂ ದಿಕ್ಕಿನ ವಾಹನ ಹೊಸ ಸೇತುವೆ ಒಂದರ ಮೇಲೇ, ಗೋವಾಕ್ಕೆ ಹೋಗೋ ಕಂಟೇನರು, ಮೀನಿನ ಗಾಡಿ, ಶಾಲೆ ಮಕ್ಕಳ ಆಟೋ, ನಾನು ಮೊದಲು ಹೇಳಿದ ಆ ನಾಲ್ಕು ಜನರ ಕಾರು, ಎಲ್ಲ ಅದರ ಮೇಲೇ.

ಪ್ರಾದೇಶಿಕ ಟ್ರಾಫಿಕ್ ಮ್ಯಾನೇಜ್‌ಮೆಂಟ್ ಅಂದ್ರೆ ನನ್ನ ಮಟ್ಟಿಗೆ ಇದು. ಒಂದು ಸೇತುವೆ ಬಿದ್ರೆ ಯಾವ ಲಾರಿಯನ್ನ ಎಲ್ಲೇ ತಡೀಬೇಕು, ಯಾವ ಬಸ್ಸನ್ನ ಮೊದಲು ಬಿಡಬೇಕು, ಹುಬ್ಬಳ್ಳಿಲೇ ಯಾರಿಗೆ ಹೇಳ್ಬೇಕು, ಮಡಗಾಂವಲ್ಲಿ ಯಾರಿಗೆ ಫೋನ್ ಮಾಡ್ಬೇಕು ಅನ್ನೋದು ಮೊದಲೇ ಕೂತು ಬರೆದಿಟ್ಕೊಳ್ಳೋದು. ನಮ್ಮದು ಒಂದೇ ಜಿಲ್ಲೆ, ಆದರೂ ಕೆಎ 30, 31, 47, 65 ಅಂತ ನಾಲ್ಕು ನಂಬರ್ ಪ್ಲೇಟು. ಹೈವೇ ಒಬ್ರದ್ದು, ಘಟ್ಟದ ರಸ್ತೆ ಇನ್ನೊಬ್ರದ್ದು, ಬಸ್ಸು ವಾಯವ್ಯ ಸಾರಿಗೆಯದ್ದು, ರೈಲು ಕೊಂಕಣ ರೈಲ್ವೆದು, ಗಡಿ ಆಚೆ ಬೇರೆ ರಾಜ್ಯ. ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿ ಸುತ್ತ ಒಂಬತ್ತು ಕೌಂಟಿಗಳಿಗೆ ಸೇರಿ ಒಂದೇ ಸಾರಿಗೆ ಆಯೋಗ ಅಂತ 1970ರಲ್ಲೇ ಮಾಡ್ಕೊಂಡ್ರು, ನಮ್ಮಲ್ಲಿ ಉಡುಪಿ, ಶಿವಮೊಗ್ಗ, ಹಾವೇರಿ, ಧಾರವಾಡ, ದಕ್ಷಿಣ ಗೋವಾ ಇವರೆಲ್ಲ ಉತ್ತರ ಕನ್ನಡದ ರಸ್ತೆ ವಿಷಯಕ್ಕೆ ಅಂತ ಒಂದು ಟೇಬಲ್ ಸುತ್ತ ಕೂರೋ ಖಾಯಂ ವ್ಯವಸ್ಥೆ ಬೇಕೇ ಬೇಕು.

ಹಾಗಂತ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಬಲಗಡೆ ಲೇನಿಗೆ ಬಣ್ಣ ಬಳಿದು ಕಾರ್‌ಪೂಲ್ ಅಂತ ಬರೆಯಿರಿ ಅಂತ ನಾನು ಹೇಳ್ತಾ ಇಲ್ಲ. ಅದು ಇಲ್ಲಿ ನಡೆಯಲ್ಲ. ಆ ಲೇನಿಂದ ಲಾಭ ಆಗೋದು ಪಕ್ಕದ ಲೇನು ನಿಂತುಹೋದಾಗ ಮಾತ್ರ, ನಮ್ಮ ಹೈವೇಲಿ ಸಾಮಾನ್ಯ ದಿನ ಎರಡೂ ಲೇನು ಓಡತ್ತೆ, ಒಬ್ನೇ ಕೂತೋನೂ ಅಷ್ಟೇ ಬೇಗ ಹೋಗ್ತಾನೆ. ಮತ್ತೆ ಇಲ್ಲಿ ಒಂದು ಕಡೆ ಗುಡ್ಡ ಒಂದು ಕಡೆ ನೀರು, ಇನ್ನೊಂದು ಲೇನ್ ಮಾಡ್ತೀವಿ ಅಂತ ಗುಡ್ಡ ಕಡಿದ್ರೆ ಏನಾಗತ್ತೆ ಅಂತ ನೋಡಿ ಆಗಿದೆ.

ನಮ್ಮಲ್ಲಿ ಜಾಮ್ ಆಗೋದು ಕೆಲವೇ ಕಡೆ, ಇಕ್ಕಟ್ಟಿನ ಜಾಗದಲ್ಲಿ, ಮತ್ತೆ ಕೆಲವೇ ಹೊತ್ತು. ಅಲ್ಲಿ ಅಗಲ ಕೊಡೋಕೆ ಆಗದಿದ್ರೆ ಸರದಿ ಕೊಡಬಹುದು. ಸ್ಯಾನ್ ಫ್ರಾನ್ಸಿಸ್ಕೋ ಬೇ ಬ್ರಿಜ್ಜಲ್ಲಿ ಹಾಗೇ ಮಾಡಿದ್ರು, ಸೇತುವೆ ಅಗಲ ಮಾಡಲಿಲ್ಲ, ಟೋಲ್ ಗೇಟಿನ ಮುಂದೆ ನಿಲ್ಲೋ ಕ್ಯೂನ ಪಕ್ಕದಿಂದ ಬಸ್ಸನ್ನೂ ಮೂರು ಜನ ಇರೋ ಕಾರನ್ನೂ ಮುಂದೆ ಬಿಟ್ರು, ಸೇತುವೆ ಮೇಲೆ ಹೋದಮೇಲೆ ಎಲ್ರೂ ಒಂದೇ. ಕ್ಯಾಲಿಫೋರ್ನಿಯಾದಲ್ಲಿ ಹೈವೇ ಹತ್ತೋ ಜಾಗದಲ್ಲಿ ಸಿಗ್ನಲ್ ಹಾಕಿರ್ತಾರೆ, ಕೆಲವು ಕಡೆ ಕಾರ್‌ಪೂಲಿನೋರಿಗೆ ಆ ಸಿಗ್ನಲ್ ಕಾಯೋದೇ ಬೇಡ.

ದೇವಿಮನೆ ಘಟ್ಟದಲ್ಲಿ ಮಣ್ಣು ಕುಸಿದು ಒಂದೇ ಬದಿ ರಸ್ತೆ ಉಳಿದಾಗ ಏನ್ ನಡೆಯತ್ತೆ ಅಂತ ಶಿರಸಿ ಕಡೆಯೋರಿಗೆ ಹೇಳೋದು ಬೇಡ. ಮೇಲಿಂದ ಸ್ವಲ್ಪ ಹೊತ್ತು ಬಿಡ್ತಾರೆ, ಕೆಳಗಿಂದ ಸ್ವಲ್ಪ ಹೊತ್ತು. ಮಳೆ ಹೊಯ್ತಾ ಇರತ್ತೆ, ಗಾಜಿನ ಮೇಲೆ ಉಸಿರಿನ ಮಂಜು, ಎಲ್ಲ ಇಂಜಿನ್ ಆಫ್ ಮಾಡಿ ಕೂತಿರ್ತಾರೆ, ಸಾಲಿನ ಹಿಂದೆಲ್ಲೋ ಸಿಕ್ಕ ಬಸ್ಸಲ್ಲಿ ಕುಮಟಾ ಕಾಲೇಜಿಗೆ ಹೋಗೋ ಮಕ್ಕಳು, ಮಂಗಳೂರಿಗೋ ಮಣಿಪಾಲಕ್ಕೋ ಆಸ್ಪತ್ರೆಗೆ ಹೊರಟ ವಯಸ್ಸಾದೋರು, ಅವರ ಕಾಲ ಬುಡದಲ್ಲಿ ರಿಪೋರ್ಟಿನ ಚೀಲ. ಎದುರಿಗೆ ಉದ್ದಕ್ಕೂ ಕಾರು. ಆ ತಡೆ ಹಾಕೋ ಪೊಲೀಸಿನೋರಿಗೆ ಒಂದು ಮಾತು ಬರೆದು ಕೊಟ್ಟಿದ್ರೆ ಸಾಕು, ಆಂಬುಲೆನ್ಸ್, ಆಮೇಲೆ ಬಸ್ಸು, ಟೆಂಪೋ, ಆಮೇಲೆ ಮೂರು ಮತ್ತು ಮೂರಕ್ಕಿಂತ ಹೆಚ್ಚು ಜನ ಇರೋ ಗಾಡಿ, ಕೊನೆಗೆ ಉಳಿದೋರು. ಬಸ್ಸಿಗೆ ಮುಂದೆ ಬರೋಕೆ ಜಾಗ ಬೇಕಾಗತ್ತೆ ನಿಜ, ಅದಕ್ಕೆ ಸಾಲನ್ನ ತಿರುವಿನಲ್ಲಿ ನಿಲ್ಲಿಸೋ ಬದ್ಲು ಘಟ್ಟ ಶುರುವಾಗೋ ಮುಂಚೆ ಅಗಲ ಇರೋ ಕಡೆ ನಿಲ್ಲಿಸ್ಬೇಕು, ಅದನ್ನ ಮಳೆಗಾಲಕ್ಕೆ ಮೊದಲೇ ಜಾಗ ನೋಡಿ ಗುರುತು ಮಾಡ್ಬೇಕು. ದುಡ್ಡಿನ ಖರ್ಚು ಹೆಚ್ಚಿಲ್ಲ. ಹಟ್ಟಿಕೇರಿ, ಹೊಳೆಗದ್ದೆ ಟೋಲ್‌ಗಳಲ್ಲಿ ರಜಾ ದಿನ ಸಾಲು ಬೆಳೆದಾಗಲೂ ಬಸ್ಸಿಗೆ ಒಂದು ಗೇಟು ಖಾಲಿ ಇಡೋದು ಇದೇ ಜಾತಿಯ ಕೆಲಸ.

ಗೋಕರ್ಣದ ಮಾತು ಬೇರೆ. ಡಿಸೆಂಬರ್ ಕೊನೇ ವಾರ, ಶಿವರಾತ್ರಿ, ಉದ್ದದ ವೀಕೆಂಡು, ಬೆಂಗಳೂರಿನ ಕಾರುಗಳೆಲ್ಲ ರಥಬೀದಿ ತನಕ ಬರ್ತೇವೆ ಅಂತ ಬರ್ತಾವೆ, ಆ ಬೀದಿ ತೇರಿಗೆ ಅಂತ ಇದ್ದಿದ್ದು. ಮಾದನಗೇರಿ ಕ್ರಾಸಲ್ಲೇ ಕಾರು ನಿಲ್ಸಿ ಅಲ್ಲಿಂದ ಒಳಗೆ ಒಂದರ ಹಿಂದೆ ಒಂದು ಬಸ್ಸು ಓಡಿಸ್ಬೇಕು ಅನ್ನೋದು ನನ್ನ ಅಭಿಪ್ರಾಯ, ಊರವರ ಗಾಡಿಗೆ ಪಾಸ್ ಕೊಡಿ. ಅಂಗಡಿಯೋರು ವ್ಯಾಪಾರ ಹೋಗತ್ತೆ ಅಂತಾರೆ, ಆ ಭಯ ನನಗೆ ಅರ್ಥ ಆಗತ್ತೆ, ಆದ್ರೆ ಶಿರಸಿ ಮಾರಿಕಾಂಬಾ ಜಾತ್ರೆ ನೋಡಿ, ಎರಡು ವರ್ಷಕ್ಕೊಮ್ಮೆ ಬಿಡಕಿಬೈಲಿನ ಸುತ್ತಮುತ್ತ ಗಾಡಿ ಬಿಡೋದೇ ಇಲ್ಲ, ಜನ ಎಲ್ಲೆಲ್ಲಿಂದಲೋ ಬಂದು ದೂರ ಇಳಿದು ನಡ್ಕೊಂಡು ಬರ್ತಾರೆ, ಅಷ್ಟೂ ದಿನ ಅಲ್ಲಿ ನಡೆಯೋ ವ್ಯಾಪಾರ ಬೇರೆ ಯಾವ ದಿನ ನಡೆಯತ್ತೆ?

ಇನ್ನು ಕಾನೂನಿನ ವಿಷಯ, ನನಗೆ ಬೇಸರ ಇರೋದು ಇಲ್ಲೇ. ನಮ್ಮ ಕರಾವಳಿಲಿ ಜಾಗ ಹಂಚ್ಕೊಂಡು ಹೋಗೋದು ಯಾರೂ ಹೊಸದಾಗಿ ಕಲಿಸಬೇಕಾದ ವಿಷಯ ಅಲ್ಲ. ಟೆಂಪೋದಲ್ಲಿ "ಸ್ವಲ್ಪ ಸರೀರಿ, ಇನ್ನೊಬ್ರಿಗೆ ಆಗತ್ತೆ" ಅನ್ನೋ ಮಾತು ಕೇಳ್ದೇ ಬೆಳೆದೋರು ಇಲ್ಲಿ ಯಾರಿದಾರೆ. ಆದ್ರೆ ಬಿಳಿ ಬೋರ್ಡ್ ಕಾರಲ್ಲಿ ದುಡ್ಡು ತಗೊಂಡು ಜನ ಕೂರಿಸಿದ್ರೆ 1988ರ ಮೋಟಾರು ವಾಹನ ಕಾಯ್ದೆ ಪ್ರಕಾರ ಪರ್ಮಿಟ್ ಕೇಳ್ತಾರೆ. ಟ್ಯಾಕ್ಸಿ ಓಡಿಸಿ ಹೊಟ್ಟೆ ಹೊರೆಯೋರಿಗೆ ಆ ರಕ್ಷಣೆ ಬೇಕು, ಸಾಲ ಮಾಡಿ ಹಳದಿ ಬೋರ್ಡ್ ಹಾಕಿ ಟ್ಯಾಕ್ಸ್ ಕಟ್ಟಿದೋನ ಹೊಟ್ಟೆ ಮೇಲೆ ಹೊಡೀಬಾರದು, ಇದರಲ್ಲಿ ಎರಡು ಮಾತಿಲ್ಲ. ತೊಂದ್ರೆ ಏನಂದ್ರೆ ಲಾಭಕ್ಕೆ ಓಡಿಸೋದಕ್ಕೂ ಒಂದೇ ಫ್ಯಾಕ್ಟರಿಗೆ ಹೋಗೋ ನಾಲ್ವರು ಪೆಟ್ರೋಲ್ ಹಂಚ್ಕೊಳ್ಳೋದಕ್ಕೂ ನಡುವೆ ಸ್ಪಷ್ಟ ಗೆರೆ ಇಲ್ಲ. 2020ರ ನವೆಂಬರಲ್ಲಿ ಕೇಂದ್ರ ಸರ್ಕಾರ ತಂದ ಮಾರ್ಗಸೂಚೀಲಿ ಆ್ಯಪ್ ಮೂಲಕ ಖಾಸಗಿ ಕಾರಲ್ಲಿ ಪ್ರಯಾಣ ಹಂಚ್ಕೊಳ್ಳೋಕೆ ದಾರಿ ಮಾಡಿದ್ರು, ಊರೊಳಗೆ ದಿನಕ್ಕೆ ನಾಲ್ಕು ಸಲ, ಊರಿಂದ ಊರಿಗೆ ವಾರಕ್ಕೆ ಎರಡೇ ಸಲ ಅಂತ ಅದರಲ್ಲಿತ್ತು. ದೊಡ್ಡ ನಗರ ಮನಸ್ಸಲ್ಲಿ ಇಟ್ಕೊಂಡು ಬರೆದ ನಿಯಮ ಅಂತ ಓದಿದ ಕೂಡ್ಲೇ ಗೊತ್ತಾಗತ್ತೆ. ಕಾರವಾರದೋನಿಗೆ ಕೆಲಸ ಇರೋದೇ ಬೇರೆ ಊರಲ್ಲಿ, ಬೇರೆ ರಾಜ್ಯದಲ್ಲಿ, ವಾರಕ್ಕೆ ಆರು ದಿನ. 2023ರಲ್ಲಿ ಬೆಂಗಳೂರಲ್ಲಿ ಕಾರ್‌ಪೂಲ್ ನಿಷೇಧ ಅಂತ ಸುದ್ದಿ ಹಬ್ಬಿದಾಗ ಟಿವಿಲೆಲ್ಲ ಚರ್ಚೆ ಆಯ್ತು. ಅದರಲ್ಲಿ ಐಟಿ ಕಂಪನಿ ಮಾತಿತ್ತು, ಔಟರ್ ರಿಂಗ್ ರೋಡ್ ಮಾತಿತ್ತು. ಜಿಲ್ಲೆಗಳಲ್ಲಿ ಊರು ದಾಟಿ ಕೆಲಸಕ್ಕೆ ಹೋಗೋರ ಬಗ್ಗೆ ನಾನು ನೋಡಿದ ಯಾವ ಚರ್ಚೇಲೂ ಒಂದು ವಾಕ್ಯ ಬರಲಿಲ್ಲ.

ಬಸ್ಸು ಸಾಕಷ್ಟಿದ್ರೆ ಇದೆಲ್ಲ ಬೇಕಾ ಅಂತ ಕೇಳಬಹುದು. ಬಸ್ಸೇ ಮೊದಲು, ಅದರಲ್ಲಿ ಅನುಮಾನ ಬೇಡ. 2023ರ ಜೂನ್‌ನಿಂದ ಶಕ್ತಿ ಯೋಜನೆ ಬಂದ್ಮೇಲೆ ನಮ್ಮ ಕಡೆ ಹೆಣ್ಮಕ್ಕಳು ಓಡಾಡೋದು ಎಷ್ಟು ಬದಲಾಗಿದೆ ಅಂತ ಯಾವುದೇ ಶಿರಸಿ ಯಲ್ಲಾಪುರ ಬಸ್ ಹತ್ತಿ ನೋಡಿ, ಆದ್ರೆ ಬಸ್ಸಿನ ಸಂಖ್ಯೆ ಆ ಮಟ್ಟಕ್ಕೆ ಏರಿದ ಹಾಗೆ ಕಾಣಲ್ಲ. ಟ್ರೇನೂ ಅಷ್ಟೆ, ಹೊತ್ತಿಗೆ ಸರಿಯಾಗಿ ಸಿಗೋ ಲೋಕಲ್ ಗಾಡಿ ಕಡಿಮೆ. ಇದೇ ಹಳಿ ಮೇಲೆ ಕೊಂಕಣ ರೈಲ್ವೆ 1999ರಿಂದ ತುಂಬಿದ ಲಾರಿಗಳನ್ನೇ ರೈಲಿಗೆ ಹತ್ತಿಸಿ ಸಾಗಿಸ್ತಾ ಇದೆ, ರೋ ರೋ ಅಂತ, ಒಂದೊಂದು ರೈಲು ಹೋದಾಗ ಅಷ್ಟು ಲಾರಿ ನಮ್ಮ ರಸ್ತೆ ಮೇಲೆ ಬರಲಿಲ್ಲ ಅಂತ ಅರ್ಥ. ಲಾರಿಗೆ ಅಂತ ಇಷ್ಟು ಜಾಣತನದ ಯೋಚನೆ ಮಾಡಿದೋರು ಕಾರವಾರ ಮಡಗಾಂವ್ ನಡುವೆ ಶಿಫ್ಟಿನ ಹೊತ್ತಿಗೆ ಹೊಂದೋ ನಾಲ್ಕು ಬೋಗಿ ಗಾಡೀನೂ ಯೋಚನೆ ಮಾಡಬಹುದು.

ಅಲ್ಲಿವರೆಗೆ ಆ ನಾಲ್ವರ ಕಾರಿಗೆ ಒಂದು ಸರಳ ವ್ಯವಸ್ಥೆ ಸಾಧ್ಯ. ಆರ್‌ಟಿಓ ಕಚೇರೀಲಿ ಹೆಸರು ಬರೆಸಿ ಒಂದು ಚೀಟಿ ತಗೊಳ್ಳೋದು, ಮಾಲೀಕ ಇಂಥವರು, ಜೊತೆಗೆ ಬರೋರು ಇಂಥವರು, ಎಲ್ಲಿಂದ ಎಲ್ಲಿಗೆ, ಹಂಚ್ಕೊಳ್ಳೋದು ಇಂಧನದ ಖರ್ಚು ಮಾತ್ರ, ಕೂತೋರಿಗೂ ಇನ್ಶೂರೆನ್ಸ್. ದಾರೀಲಿ ಕೈ ತೋರಿಸಿದೋರನ್ನ ಹತ್ತಿಸ್ಕೊಂಡು ದುಡ್ಡು ಕೇಳಿದ್ರೆ ರದ್ದು, ಹಾಗಾಗಿ ಟ್ಯಾಕ್ಸಿಯೋರಿಗೂ ಧಕ್ಕೆ ಇಲ್ಲ. ಮಾಜಾಳಿ ಚೆಕ್‌ಪೋಸ್ಟಲ್ಲೂ ಪೋಳೆಲೂ ಅದೇ ಚೀಟಿ ನಡೀಬೇಕು, ಇದಕ್ಕೆ ಎರಡೂ ರಾಜ್ಯದ ಸಾರಿಗೆ ಇಲಾಖೆ ಒಪ್ಪಬೇಕು. ಮುಂದಿನ ಸಲ ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿ ಸಭೆ ಕರೆದಾಗ ಈ ವಿಷಯವನ್ನೂ ದೇವಿಮನೆಯ ಸರದಿ ವಿಷಯವನ್ನೂ ಅಜೆಂಡಾದಲ್ಲಿ ಸೇರಿಸಿ ಅಂತ ಜಿಲ್ಲಾಧಿಕಾರಿಗಳಿಗೆ ಮನವಿ ಬರೀತಾ ಇದೀನಿ. ಗೋವಾಕ್ಕೆ ದಿನಾ ಹೋಗಿ ಬರೋರು, ಘಟ್ಟದಲ್ಲಿ ಬಸ್ಸೊಳಗೆ ಕಾದು ಕೂತು ಅನುಭವ ಇರೋರು ಯಾರೇ ಇದ್ರೂ ಸಹಿ ಹಾಕೋಕೆ ಬನ್ನಿ, ನಿಮ್ಮ ಶಿಫ್ಟಿನ ಹೊತ್ತು, ಹತ್ತೋ ಜಾಗ, ಗಾಡೀಲಿ ಎಷ್ಟು ಜನ ಅಂತ ಬರ್ಕೊಂಡು ಬಂದ್ರೆ ಅದನ್ನೂ ಮನವಿ ಜೊತೆ ಲಗತ್ತಿಸೋಣ.